ಸಹಾಯ ಬೇಕು: ಒಂದೇ ಪಿಎನ್‌ಆರ್‌ನಲ್ಲಿ ಒಬ್ಬರು ಪ್ರಯಾಣಿಸದಿದ್ದರೆ ತತ್ಕಾಲ್ ಹಣ ಸಿಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬೆಂಗಳೂರಿಗೆ ಅಮ್ಮ ಹಾಗೂ ತಮ್ಮನಿಗಾಗಿ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ಆನ್‌ಲೈನ್ ತತ್ಕಾಲ್ ಸ್ಲೀಪರ್ ಟಿಕೆಟ್ ಮಾಡಿಸಿದ್ದೆ. ತತ್ಕಾಲ್ ಟಿಕೆಟಿಗೆ ಹಿರಿಯ ನಾಗರಿಕರ ರಿಯಾಯಿತಿ ಇಲ್ಲದಿರುವುದರಿಂದ, ಎಪ್ಪತ್ತು ದಾಟಿದ ಅಮ್ಮನಿಗೂ ಪೂರ್ಣ ದರ, ಅದರ ಮೇಲೆ ತತ್ಕಾಲ್ ಶುಲ್ಕ ಬೇರೆ; ಪಿಂಚಣಿಯನ್ನೇ ನಂಬಿರುವವರಿಗೆ ಇದು ಸಣ್ಣ ಹೊರೆಯಲ್ಲ.

ಅಂದು ರೈಲು ಮೂರು ಗಂಟೆಗೂ ಹೆಚ್ಚು ತಡವಾಯಿತು. ವೈದ್ಯಕೀಯ ವರದಿಗಳ ಫೈಲನ್ನು ಮಡಿಲಲ್ಲಿಟ್ಟುಕೊಂಡು ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದ ಅಮ್ಮನ ಪಾದಗಳು ಊದಿಕೊಂಡಿದ್ದರಿಂದ, ಅವರನ್ನು ಮನೆಗೆ ಕರೆದುಕೊಂಡು ಬಂದೆ. ತಮ್ಮನಿಗೆ ಕೆಲಸವಿದ್ದುದರಿಂದ ಅವನೊಬ್ಬನೇ ಹೋದ.

ಖಚಿತವಾದ ತತ್ಕಾಲ್ ಟಿಕೆಟನ್ನು ನಾವಾಗಿ ರದ್ದು ಮಾಡಿದರೆ ಹಣ ಬರುವುದಿಲ್ಲ, ಆದರೆ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ ಪ್ರಯಾಣಿಸದೇ ಇದ್ದರೆ ಪೂರ್ತಿ ಹಣ ಕೊಡಬೇಕೆಂಬ ನಿಯಮವಿದೆ. ಅದರಂತೆ ರೈಲು ಹೊರಡುವ ಮೊದಲೇ ಅಮ್ಮನ ಹೆಸರಿನಲ್ಲಿ ಟಿಡಿಆರ್ (ಹಣ ವಾಪಸು ಕೋರುವ ಆನ್‌ಲೈನ್ ಅರ್ಜಿ) ಸಲ್ಲಿಸಿದೆ. ಅಮ್ಮ ಪ್ರಯಾಣಿಸಿಲ್ಲವೆಂಬ ಪ್ರಮಾಣಪತ್ರವನ್ನೂ ರೈಲಿನ ಟಿಕೆಟ್ ಪರೀಕ್ಷಕರಿಂದ (ಟಿಟಿಇ) ತಮ್ಮ ಪಡೆದಿದ್ದಾನೆ. ಆದರೂ, ಅದೇ ಪಿಎನ್‌ಆರ್‌ನಲ್ಲಿ ಒಬ್ಬರು ಪ್ರಯಾಣಿಸಿದ್ದಾರೆ ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಗಿದೆ. ಕೌಂಟರಿನಲ್ಲಿ ವಿಚಾರಿಸಿದರೆ ಇ-ಟಿಕೆಟ್ ವಿಷಯವನ್ನು ಆನ್‌ಲೈನಿನಲ್ಲೇ ಕೇಳಿ ಎನ್ನುತ್ತಾರೆ, ಸಹಾಯವಾಣಿಯವರು ಟಿಡಿಆರ್ ಸ್ಥಿತಿಯನ್ನಷ್ಟೇ ಓದಿ ಹೇಳುತ್ತಾರೆ. ರೈಲು ತಡವಾದದ್ದು ಇಬ್ಬರಿಗೂ ಒಂದೇ ಆಗಿರುವಾಗ, ಕಾಯಲಾಗದ ವೃದ್ಧೆಯ ಹಣವನ್ನು ಮಗ ಹೋದನೆಂದು ತಡೆಹಿಡಿಯುವುದು ನ್ಯಾಯವಲ್ಲ.

ಮೂರು ಗಂಟೆಯ ನಿಯಮ ಇಡೀ ಪಿಎನ್‌ಆರ್‌ಗೆ ಅನ್ವಯಿಸುತ್ತದೆಯೇ, ಅಥವಾ ಪ್ರತಿ ಪ್ರಯಾಣಿಕರಿಗೆ ಪ್ರತ್ಯೇಕವಾಗಿಯೇ? ಟಿಟಿಇ ಪ್ರಮಾಣಪತ್ರದ ಮೂಲಪ್ರತಿಯೊಂದಿಗೆ ಮರುಪರಿಶೀಲನೆ ಕೇಳಿ ಹಣ ಪಡೆದವರಿದ್ದರೆ, ಅರ್ಜಿಯನ್ನು ಯಾವ ಅಧಿಕಾರಿಗೆ, ಹೇಗೆ ಕಳುಹಿಸಿದಿರಿ ಎಂದು ದಯವಿಟ್ಟು ತಿಳಿಸುವಿರಾ?