ಚಿಕ್ಕಪ್ಪ ಕಳಿಸಿದ ಸೈನಿಕನ ಅಂತ್ಯಕ್ರಿಯೆ ಕೇಸಿನ ಬಗ್ಗೆ

ಚಿಕ್ಕಪ್ಪ, ಬೆಳಿಗ್ಗೆ ನೀವು ಹಾಕಿದ ಫಾರ್ವರ್ಡ್ ಓದಿದೆ. ಅಮೆರಿಕದಲ್ಲಿ ಸೈನಿಕನೊಬ್ಬನ ಹೆಣದ ಮುಂದೆ ಮೈಕ್ ಹಿಡಿದು ‘ಸತ್ತಿದ್ದು ಒಳ್ಳೆಯದಾಯಿತು’ ಎಂದು ಕೂಗಿದವರ ಪರ ಸುಪ್ರೀಂ ಕೋರ್ಟೇ ನಿಂತಿತು, ಮಗನನ್ನು ಕಳೆದುಕೊಂಡ ಅಪ್ಪನಿಗೇ ದಂಡ ಹಾಕಿದರು ಅಂತ ಅದರಲ್ಲಿದೆ. ಕೆಳಗೆ ನೀವು ‘ಇದೇನಾ ಇವರ ವಾಕ್ ಸ್ವಾತಂತ್ರ್ಯ? ನಮ್ಮಲ್ಲಿ ಇಂಥದ್ದು ನಡೆಯೋದೇ ಇಲ್ಲ’ ಎಂದು ಬರೆದಿದ್ದೀರಿ. ಸೇನೆಯಲ್ಲಿದ್ದವರು ನೀವು, ಸಿಟ್ಟು ಬರದೆ ಇರುತ್ತದಾ? ಅತ್ತೆ ಬೇರೆ ‘ನಮ್ಮ ಲಾಯರಮ್ಮ ಏನನ್ನುತ್ತಾಳೆ’ ಎಂದು ನನ್ನನ್ನು ಎಳೆದಿದ್ದಾರೆ. ವಾಯ್ಸ್ ಮೆಸೇಜ್ ಹಾಕಿದರೆ ಈ ಗುಂಪಿನಲ್ಲಿ ಯಾರೂ ಪೂರ್ತಿ ಕೇಳುವುದಿಲ್ಲ. ಅದಕ್ಕೇ ಮಾತಾಡಿದ ಹಾಗೆಯೇ ಬರೆಯುತ್ತಿದ್ದೇನೆ. ಉದ್ದ ಇದೆ, ನಿಧಾನವಾಗಿ ಓದಿ.

ಕೇಸು ನಿಜ. ಆ ಹುಡುಗನ ಹೆಸರು ಮ್ಯಾಥ್ಯೂ ಸ್ನೈಡರ್. ಮರೀನ್ ಪಡೆಯಲ್ಲಿದ್ದ. 2006ರ ಮಾರ್ಚ್‌ನಲ್ಲಿ ಇರಾಕ್‌ನಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡ. ಮೇರಿಲ್ಯಾಂಡ್ ರಾಜ್ಯದ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನ ಕ್ಯಾಥೊಲಿಕ್ ಚರ್ಚಿನಲ್ಲಿ ಅಂತ್ಯಕ್ರಿಯೆ ಇಟ್ಟುಕೊಂಡಿದ್ದರು. ಅಲ್ಲಿಗೆ ಕನ್ಸಾಸ್ ರಾಜ್ಯದ ಟೊಪೀಕಾದಿಂದ ಏಳು ಜನ ಬಂದರು. ವೆಸ್ಟ್‌ಬರೊ ಬ್ಯಾಪ್ಟಿಸ್ಟ್ ಚರ್ಚ್‌ನವರು. ಹೆಸರಿಗೆ ಚರ್ಚ್, ಆದರೆ ಹೆಚ್ಚುಕಮ್ಮಿ ಒಂದೇ ಕುಟುಂಬ. ಬಂದ ಏಳು ಜನರಲ್ಲಿ ಒಬ್ಬ ಪಾದ್ರಿ ಫ್ರೆಡ್ ಫೆಲ್ಪ್ಸ್, ಉಳಿದವರು ಅವನ ಇಬ್ಬರು ಹೆಣ್ಣುಮಕ್ಕಳು ಮತ್ತು ನಾಲ್ಕು ಮೊಮ್ಮಕ್ಕಳು.

ಇವರ ವಾದ ಏನು ಅಂದರೆ, ಅಮೆರಿಕ ಸಲಿಂಗಿಗಳನ್ನು ಸಹಿಸಿಕೊಂಡಿದೆ, ಅದಕ್ಕೆ ದೇವರು ಸೈನಿಕರನ್ನು ಸಾಯಿಸಿ ಶಿಕ್ಷೆ ಕೊಡುತ್ತಿದ್ದಾನೆ. ಮ್ಯಾಥ್ಯೂ ಸಲಿಂಗಿಯೂ ಅಲ್ಲ. ಅದೆಲ್ಲ ಇವರಿಗೆ ಬೇಕಾಗಿಯೂ ಇರಲಿಲ್ಲ. ಸೈನಿಕನ ಹೆಣ ಬರುತ್ತದೆ, ಟಿವಿಯವರು ಬರುತ್ತಾರೆ, ಅಷ್ಟು ಸಾಕು. ‘ಸತ್ತ ಸೈನಿಕರಿಗಾಗಿ ದೇವರಿಗೆ ವಂದನೆ’, ‘ನೀನು ನರಕಕ್ಕೆ ಹೋಗುತ್ತೀಯ’, ‘ದೇವರಿಗೆ ನಿನ್ನ ಕಂಡರೆ ಆಗುವುದಿಲ್ಲ’. ಇಂಥ ಫಲಕಗಳು. ಇನ್ನೂ ಕೆಟ್ಟದ್ದೂ ಇದ್ದವು, ಮಕ್ಕಳೂ ಓದುವ ಗುಂಪು ಇದು, ಬೇಡ.

ಈಗ ನಿಮ್ಮ ಫಾರ್ವರ್ಡ್ ಬಿಟ್ಟುಹಾಕಿದ ಭಾಗಕ್ಕೆ ಬರುತ್ತೇನೆ. ಇಡೀ ತೀರ್ಪು ನಿಂತಿರುವುದೇ ಅದರ ಮೇಲೆ. ಇವರು ಚರ್ಚಿನ ಬಾಗಿಲಲ್ಲಿ ನಿಂತಿರಲಿಲ್ಲ. ಸುಮಾರು 1000 ಅಡಿ ದೂರ, ಅಂದರೆ 300 ಮೀಟರ್ ಆಚೆ, ಸಾರ್ವಜನಿಕ ಜಾಗದಲ್ಲಿ ನಿಂತಿದ್ದರು. ಬರುತ್ತೇವೆ ಎಂದು ಪೊಲೀಸರಿಗೆ ಮೊದಲೇ ತಿಳಿಸಿದ್ದರು. ಪೊಲೀಸರು ತೋರಿಸಿದ್ದು 10 ಅಡಿಗೆ 25 ಅಡಿಯ ಒಂದು ತುಂಡು ಜಾಗ, ಮುಂದೆ ತಾತ್ಕಾಲಿಕ ಬೇಲಿ. ಅಂತ್ಯಕ್ರಿಯೆ ಶುರುವಾಗುವ ಮುಂಚೆ ಅರ್ಧ ಗಂಟೆ ನಿಂತರು. ಹಾಡು ಹೇಳಿದರು, ಬೈಬಲ್ ವಾಕ್ಯ ಓದಿದರು. ಕಿರುಚಲಿಲ್ಲ, ಯಾರ ಮೈಮೇಲೂ ಹೋಗಲಿಲ್ಲ. ಮೆರವಣಿಗೆ ಅವರಿಂದ 200-300 ಅಡಿ ದೂರದಲ್ಲಿ ಹಾದುಹೋದಾಗ ಅಪ್ಪ ಆಲ್ಬರ್ಟ್ ಸ್ನೈಡರ್‌ಗೆ ಕಂಡದ್ದು ಫಲಕಗಳ ಮೇಲ್ತುದಿ ಮಾತ್ರ. ಏನು ಬರೆದಿದೆ ಎಂದು ಅವರಿಗೆ ಗೊತ್ತಾಗಿದ್ದು ಅವತ್ತು ರಾತ್ರಿ ಟಿವಿ ನ್ಯೂಸ್‌ನಲ್ಲಿ.

ಹಾಗಂತ ಆ ಅಪ್ಪನ ನೋವು ಸಣ್ಣದಲ್ಲ ಚಿಕ್ಕಪ್ಪ. ಮಗನನ್ನು ನೆನೆಸಿಕೊಂಡಾಗಲೆಲ್ಲ ಆ ಫಲಕಗಳೂ ಜೊತೆಗೇ ಕಣ್ಮುಂದೆ ಬರುತ್ತವೆ, ಅಳು ಬರುತ್ತದೆ, ಸಿಟ್ಟು ಬರುತ್ತದೆ, ಹೊಟ್ಟೆ ತೊಳಸುತ್ತದೆ ಎಂದು, ಚರ್ಚಿನವರ ಮೇಲೆ ಪರಿಹಾರಕ್ಕೆ ಕೇಸು ಹಾಕಿದ ಅವರು ಕೋರ್ಟಿನಲ್ಲಿ ಹೇಳಿದರು. ಖಿನ್ನತೆ ಬಂದಿದೆ, ಮೊದಲೇ ಇದ್ದ ಕಾಯಿಲೆಗಳು ಜಾಸ್ತಿಯಾಗಿವೆ ಎಂದು ತಜ್ಞರೂ ಸಾಕ್ಷಿ ಹೇಳಿದರು. ಜ್ಯೂರಿ, ಅಂದರೆ ತೀರ್ಮಾನ ಹೇಳಲು ಕೂರಿಸಿದ ಸಾಮಾನ್ಯ ಜನ, ಕರಗಿತು. ನೋವಿಗೆ ಇಷ್ಟು, ಪಾಠ ಕಲಿಸಲು ಇಷ್ಟು ಎಂದು ಎರಡೂ ಲೆಕ್ಕ ಸೇರಿಸಿ 1 ಕೋಟಿ 9 ಲಕ್ಷ ಡಾಲರ್ ಪರಿಹಾರ ಕೊಡಿ ಎಂದಿತು. ಜಡ್ಜ್ ಅದನ್ನು 50 ಲಕ್ಷಕ್ಕೆ ಇಳಿಸಿದರು. ಮೇಲಿನ ಕೋರ್ಟು ಅಷ್ಟನ್ನೂ ರದ್ದು ಮಾಡಿತು. ಕೊನೆಗೆ 2011ರ ಮಾರ್ಚ್ 2ರಂದು ಸುಪ್ರೀಂ ಕೋರ್ಟು, ಒಂಬತ್ತರಲ್ಲಿ ಎಂಟು ಜಡ್ಜ್‌ಗಳು ಒಂದು ಕಡೆ ನಿಂತು, ಪರಿಹಾರ ಇಲ್ಲ ಎಂದಿತು. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಅವರು ವೆಸ್ಟ್‌ಬರೊದವರ ಬೆನ್ನು ತಟ್ಟಿಲ್ಲ. ಮಾತು ಅಳಿಸುತ್ತದೆ, ನಗಿಸುತ್ತದೆ, ಇಲ್ಲಿ ತುಂಬಾ ನೋವನ್ನೂ ಕೊಟ್ಟಿದೆ ಎಂದು ಒಪ್ಪಿಕೊಂಡೇ, ಆ ನೋವಿಗಾಗಿ ಮಾತಾಡಿದವರನ್ನು ಶಿಕ್ಷಿಸಲು ಆಗುವುದಿಲ್ಲ ಎಂದರು.

ಯಾಕೆ ಆಗುವುದಿಲ್ಲ? ಜ್ಯೂರಿಯ ಮುಂದೆ ಇಟ್ಟ ಪ್ರಶ್ನೆ ನೋಡಿ. ಈ ನಡತೆ ‘ಅತಿರೇಕ’ವಾ ಅಲ್ಲವಾ? ಇಷ್ಟೇ. ಇಲ್ಲಿ ಹೂಂ ಅನ್ನುವುದು ಸುಲಭ, ನಾನೂ ಅನ್ನುತ್ತಿದ್ದೆ. ಆದರೆ ಅತಿರೇಕ ಯಾವುದು ಎಂದು ತೀರ್ಮಾನ ಮಾಡುವವರು ಅವತ್ತು ಜ್ಯೂರಿ ಪೀಠದಲ್ಲಿ ಕೂತವರು. ಅವರಿಗೆ ಇಷ್ಟವಿಲ್ಲದ ಮಾತೆಲ್ಲ ಅತಿರೇಕ ಆಗಿಬಿಡಬಹುದು. ಇದು ಸುಮ್ನೆ ಹೆದರಿಸುವ ಮಾತಲ್ಲ, ಆಗಿದೆ. 1960ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹೋರಾಟಕ್ಕೆ ಹಣ ಕೇಳುವ ಒಂದು ಜಾಹೀರಾತು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಕೆಲವು ಸಣ್ಣ ತಪ್ಪುಗಳಿದ್ದವು. ಅಲಬಾಮಾದ ಜ್ಯೂರಿ ಅಷ್ಟಕ್ಕೇ ಪತ್ರಿಕೆಯ ಮೇಲೆ 5 ಲಕ್ಷ ಡಾಲರ್ ಹೇರಿತು. ಜೈಲಿಲ್ಲ, ಲಾಠಿಯಿಲ್ಲ, ಬರೀ ಪರಿಹಾರದ ಹಣ. ಕರಿಯರ ಹೋರಾಟದ ಸುದ್ದಿ ಬರೆಯಲು ಪತ್ರಿಕೆಗಳು ಹೆದರಬೇಕು ಅನ್ನುವುದಕ್ಕೆ ಅಷ್ಟು ಸಾಕಾಗಿತ್ತು. 1964ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಹಾಗಾಗಿ ಸ್ನೈಡರ್ ಕೇಸಿನಲ್ಲಿ 48 ರಾಜ್ಯಗಳು ಆ ಅಪ್ಪನ ಪರ ನಿಂತರೂ, ದೊಡ್ಡ ದೊಡ್ಡ ಪತ್ರಿಕಾ ಸಂಸ್ಥೆಗಳು ಮೂಗು ಮುಚ್ಚಿಕೊಂಡು ಈ ಫೆಲ್ಪ್ಸ್ ಕುಟುಂಬದ ಪರ ಅರ್ಜಿ ಹಾಕಿದವು.

ತಮಾಷೆ ಗೊತ್ತಾ? ಇದೇ ಫ್ರೆಡ್ ಫೆಲ್ಪ್ಸ್ ಒಂದು ಕಾಲಕ್ಕೆ ವಕೀಲ. ಕರಿಯರ ಪರ ನಾಗರಿಕ ಹಕ್ಕಿನ ಕೇಸುಗಳನ್ನು ನಡೆಸುತ್ತಿದ್ದವನು. 1979ರಲ್ಲಿ ಕನ್ಸಾಸ್ ಅವನ ಸನ್ನದು ಕಿತ್ತುಕೊಂಡಿತು. ಸುಪ್ರೀಂ ಕೋರ್ಟಿನಲ್ಲಿ ಚರ್ಚಿನ ಪರ ವಾದ ಮಾಡಿದ್ದೂ ಹೊರಗಿನವರಲ್ಲ, ಅವನ ಮಗಳು ಮಾರ್ಜಿ.

ತೀರ್ಪನ್ನು ಒಪ್ಪದ ಒಬ್ಬರೇ ಒಬ್ಬರು ಸ್ಯಾಮ್ಯುಯೆಲ್ ಅಲಿಟೊ. ಅವರು ಬರೆದದ್ದನ್ನು ಓದಿದರೆ ಚಿಕ್ಕಪ್ಪ, ನಿಮ್ಮ ಮಾತೇ ಕೇಳಿಸುತ್ತದೆ. ಇವರಿಗೆ ತಮ್ಮ ಮಾತು ಹೇಳಲು ದೇಶದಲ್ಲಿ ಎಷ್ಟು ರಸ್ತೆ, ಎಷ್ಟು ಪಾರ್ಕು ಇವೆ, ಸಾವಿನ ಮನೆಯೇ ಯಾಕೆ ಬೇಕು ಎಂದು ಕೇಳುತ್ತಾರೆ. ಉತ್ತರವನ್ನೂ ಅವರೇ ಕೊಡುತ್ತಾರೆ: ಪ್ರಚಾರ. 2006ರ ಅಕ್ಟೋಬರ್‌ನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಬಂದೂಕುಧಾರಿ ಆಮಿಶ್ ಎಂಬ ಕ್ರೈಸ್ತ ಪಂಗಡದವರ ಶಾಲೆಗೆ ನುಗ್ಗಿ ಐದು ಪುಟ್ಟ ಹುಡುಗಿಯರನ್ನು ಗುಂಡಿಟ್ಟು ಕೊಂದ. ಆ ಮಕ್ಕಳ ಮಣ್ಣಿಗೂ ಬರುತ್ತೇವೆ ಎಂದು ಈ ಚರ್ಚ್ ಹೆದರಿಸಿತು. ರೇಡಿಯೋದಲ್ಲಿ ಪುಕ್ಕಟೆ ಮಾತಾಡಲು ಸಮಯ ಕೊಟ್ಟ ಮೇಲೆ ಕೈಬಿಟ್ಟಿತು. ನಂಬಿಕೆಯಂತೆ ನಂಬಿಕೆ! ರೇಡಿಯೋ ಸಿಕ್ಕಿದರೆ ದೇವರ ಸಿಟ್ಟು ಇಳಿಯುತ್ತದಾ? ಅಲಿಟೊ ಇದನ್ನು ಬರೆದಿಟ್ಟಿದ್ದು ಒಳ್ಳೆಯದೇ ಆಯಿತು.

ಆದರೂ ನನ್ನ ಓಟು ಎಂಟು ಜನರ ಕಡೆಗೇ. ಯಾಕೆಂದರೆ ಕೋರ್ಟು ಇನ್ನೊಂದು ದಾರಿ ತೆರೆದಿಟ್ಟಿತ್ತು. ಫಲಕದಲ್ಲಿ ಏನಿದೆ ಎಂದು ಕೇಳಬೇಡಿ, ಎಲ್ಲಿ ನಿಂತಿದ್ದೀಯ, ಎಷ್ಟು ಹೊತ್ತಿಗೆ, ಎಷ್ಟು ಜೋರಾಗಿ ಎಂದು ಕೇಳಿ. ಆ ನಿಯಮ ಎಲ್ಲರಿಗೂ ಒಂದೇ ಇರಲಿ. ಆ ಅಂತ್ಯಕ್ರಿಯೆಯ ಹೊತ್ತಿಗೆ ಮೇರಿಲ್ಯಾಂಡ್‌ನಲ್ಲಿ ಅಂಥ ಕಾನೂನೇ ಇರಲಿಲ್ಲ, ಆಮೇಲೆ ಬಂತು. ತೀರ್ಪು ಬರುವ ಹೊತ್ತಿಗೆ 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇತ್ತು. ಒಹಾಯೊದಲ್ಲಿ ಅಂತ್ಯಕ್ರಿಯೆಗೆ ಒಂದು ಗಂಟೆ ಮುಂಚಿನಿಂದ ಮುಗಿದು ಒಂದು ಗಂಟೆಯವರೆಗೆ 300 ಅಡಿ ಒಳಗೆ ಯಾರೂ ಪ್ರತಿಭಟನೆ ಮಾಡುವಂತಿಲ್ಲ. ವೆಸ್ಟ್‌ಬರೊದವರು ಅದನ್ನು ಪ್ರಶ್ನಿಸಿ 2008ರಲ್ಲಿ ಸೋತರು. ಸೈನಿಕರ ಅಂತ್ಯಕ್ರಿಯೆಗೆ ಕೇಂದ್ರ ಸರ್ಕಾರದ ಕಾನೂನೇ ಇದೆ. 2012ರ ಆಗಸ್ಟ್‌ನಲ್ಲಿ ಒಬಾಮಾ ಸಹಿ ಹಾಕಿದ ತಿದ್ದುಪಡಿ ಅದನ್ನು ಎರಡು ಗಂಟೆ ಮುಂಚೆ, ಎರಡು ಗಂಟೆ ಆಮೇಲೆ, 300 ಅಡಿ ಎಂದು ಬಿಗಿ ಮಾಡಿತು. ‘ಸೈನಿಕ ಸತ್ತದ್ದು ಒಳ್ಳೆಯದು’ ಅನ್ನುವವನಿಗೂ ‘ಯುದ್ಧ ನಿಲ್ಲಿಸಿ’ ಅನ್ನುವವನಿಗೂ ಅದೇ 300 ಅಡಿ. ಇದರಲ್ಲಿ ಯಾರ ಮಾತು ಹೊಲಸು ಎಂದು ಸರ್ಕಾರ ಮೂಸಿ ನೋಡಬೇಕಾಗಿಲ್ಲ.

ಇನ್ನು ಜನ ಸುಮ್ಮನೆ ಕೂತಿದ್ದರಾ ಅಂದರೆ, ಇಲ್ಲ. ಬೈಕ್ ಓಡಿಸುವವರ ಒಂದು ಗುಂಪು 2005ರಲ್ಲೇ ಹುಟ್ಟಿಕೊಂಡಿತ್ತು, ಪೇಟ್ರಿಯಟ್ ಗಾರ್ಡ್ ರೈಡರ್ಸ್ ಅಂತ. ಮನೆಯವರು ಕರೆದರೆ ಬರುತ್ತಾರೆ. ದೊಡ್ಡ ದೊಡ್ಡ ಬಾವುಟ ಹಿಡಿದು ಫಲಕಗಳಿಗೆ ಅಡ್ಡ ನಿಲ್ಲುತ್ತಾರೆ. ವೆಸ್ಟ್‌ಬರೊದವರ ಹಾಡು ಜೋರಾದರೆ ಇವರು ಎಂಜಿನ್ ರೇಸ್ ಮಾಡುತ್ತಾರೆ. ಅದಕ್ಕೂ ಮೊದಲು 1999ರಲ್ಲಿ, ವಯೋಮಿಂಗ್‌ನಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ ಸಲಿಂಗಿ ಹುಡುಗನ ಕೊಲೆ ಕೇಸು ನಡೆಯುವಾಗ, ಅವನ ಗೆಳೆಯ ಗೆಳತಿಯರು ಬಿಳಿ ಬಟ್ಟೆಯಲ್ಲಿ ದೇವತೆಗಳ ಹಾಗೆ ಅಗಲವಾದ ರೆಕ್ಕೆ ಹೊಲಿದುಕೊಂಡು ಬಂದು, ಫೆಲ್ಪ್ಸ್‌ಗೆ ಬೆನ್ನು ಹಾಕಿ ಸಾಲಾಗಿ ನಿಂತರು. ಬಾಯಿ ತೆರೆಯಲಿಲ್ಲ. ಫಲಕಗಳೇ ಕಾಣಿಸದ ಹಾಗಾಯಿತು. ನನಗೆ ಬೈಕ್‌ಗಿಂತ ಈ ರೆಕ್ಕೆಯ ಉಪಾಯವೇ ಜಾಸ್ತಿ ಇಷ್ಟ. ಬೈಕ್ ಸದ್ದಿನಿಂದ ಮಣ್ಣಿಗೆ ಬಂದವರಿಗೂ ಕಿರಿಕಿರಿಯೇ ಅಲ್ವಾ?

ಇನ್ನು ಫಾರ್ವರ್ಡ್‌ನಲ್ಲಿದ್ದ ಆ ‘ದಂಡ’ದ ಬಗ್ಗೆ. ದಂಡ ಅಲ್ಲ ಅತ್ತೆ, ಕೋರ್ಟು ಖರ್ಚು. ಮೇಲ್ಮನವಿಯಲ್ಲಿ ಸೋತವರು ಗೆದ್ದವರ ಖರ್ಚು ಕೊಡಬೇಕು ಎಂಬ ನಿಯಮದ ಪ್ರಕಾರ, ಮಗನನ್ನು ಕಳೆದುಕೊಂಡವರಿಗೆ 16,510 ಡಾಲರ್ ಬಿಲ್ ಬಂತು, ಅದೂ ಆ ಚರ್ಚಿಗೆ ಕೊಡಲು. ಇಡೀ ಕೇಸಿನಲ್ಲಿ ನನಗೆ ಮೈ ಉರಿದದ್ದು ಇಲ್ಲಿ. ಕೋರ್ಟು ಒಂದು ಚೂರು ವಿವೇಚನೆ ತೋರಿಸಿದ್ದರೆ ಎರಡೂ ಕಡೆಯವರು ತಮ್ಮ ತಮ್ಮ ಖರ್ಚು ನೋಡಿಕೊಳ್ಳಿ ಅನ್ನಬಹುದಿತ್ತು. ಸುದ್ದಿ ಹರಡಿ ಊರೆಲ್ಲ ಸಿಟ್ಟಾಯಿತು. ಟಿವಿ ನಿರೂಪಕ ಬಿಲ್ ಓ’ರೈಲಿ ಆ ಹಣ ತಾನು ಕೊಡುತ್ತೇನೆ ಎಂದು ಮುಂದೆ ಬಂದರು.

ನಮ್ಮಲ್ಲಿ ಹೇಗೆ ಅನ್ನುವುದಕ್ಕೆ ಎರಡೇ ಮಾತು. ಅಂತ್ಯಸಂಸ್ಕಾರಕ್ಕೆ ಸೇರಿದವರಿಗೆ ಮನಸ್ಸು ನೋಯಿಸಬೇಕೆಂದೇ ತೊಂದರೆ ಕೊಟ್ಟರೆ ಅದು ಅಪರಾಧ. ಹಳೆಯ ಐಪಿಸಿ 297, ಈಗ ಭಾರತೀಯ ನ್ಯಾಯ ಸಂಹಿತೆ 301. ಒಂದು ವರ್ಷದವರೆಗೆ ಜೈಲು ಆಗಬಹುದು. ಸಂವಿಧಾನದ 19ನೇ ವಿಧಿಯಲ್ಲೂ ಸಭ್ಯತೆ, ಸಾರ್ವಜನಿಕ ಸುವ್ಯವಸ್ಥೆ ಎಂದು ಮಾತಿನ ಹಕ್ಕಿಗೆ ಮಿತಿ ಹಾಕಿದ್ದಾರೆ. ಅಮೆರಿಕದ ಸಂವಿಧಾನದಲ್ಲಿ ಹಾಗೆ ಬರೆದಿಲ್ಲ. ಹಾಗಾಗಿ ಆ ಏಳು ಜನ ಇಲ್ಲಿಗೆ ಬಂದಿದ್ದರೆ ಬೇಲಿ ಹಾಕಿಕೊಡುವ ಬದಲು ಪೊಲೀಸರು ವ್ಯಾನಿಗೆ ಹತ್ತಿಸುತ್ತಿದ್ದರು. ಆದರೆ ‘ನಮ್ಮಲ್ಲಿ ಇಂಥದ್ದು ನಡೆಯೋದೇ ಇಲ್ಲ’ ಅನ್ನಬೇಡಿ ಚಿಕ್ಕಪ್ಪ. 2014ರ ಆಗಸ್ಟ್‌ನಲ್ಲಿ ಅನಂತಮೂರ್ತಿಯವರು ತೀರಿಕೊಂಡಾಗ ಮಂಗಳೂರು, ಚಿಕ್ಕಮಗಳೂರಿನಲ್ಲಿ ಪಟಾಕಿ ಹೊಡೆದವರೂ ಕನ್ನಡಿಗರೇ.

ಇನ್ನೊಂದು ಕೆಲಸ ಮಾಡಿ. ನಿಮ್ಮ ಫಾರ್ವರ್ಡ್‌ನಲ್ಲಿ ‘ಹೆಣದ ಮುಂದೆ ಮೈಕ್ ಹಿಡಿದು’ ಅನ್ನುವುದು ಸುಳ್ಳು, ‘ದಂಡ’ ಅನ್ನುವುದೂ ತಪ್ಪು. ನಿಮ್ಮ ಮಾಜಿ ಸೈನಿಕರ ಗುಂಪಿಗೆ ಕಳಿಸುವ ಮುಂಚೆ ಆ ಎರಡು ಸಾಲು ತೆಗೆದುಬಿಡಿ. ಆಗಲೇ ಕಳಿಸಿದ್ದರೆ, ಇದನ್ನೂ ಅದರ ಕೆಳಗೆ ಹಾಕಿ. ಬೈಯುವುದಿದ್ದರೆ ನನ್ನನ್ನೇ ಬೈಯಲಿ.