ಸಹಾಯ ಬೇಕು: ಮಳೆಗಾಲದಲ್ಲಿ ಕಾರ್ಬುರೇಟರ್ ಜಿಡ್ಡು ತೆಗೆಯಲು ಯಾವುದು ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ ಹಿಂದೆ ಸಣ್ಣ ಶೆಡ್ ಇದೆ. ದೋಣಿಯ ಔಟ್‌ಬೋರ್ಡ್ ಇಂಜಿನ್, ತೋಟದ ಕಳೆ ಕತ್ತರಿಸುವ ಮಷೀನು, ಇಂಥವುಗಳ ಕಾರ್ಬುರೇಟರ್ (ಇಂಜಿನ್ನಿಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ಬಿಚ್ಚಿ ತೊಳೆಯುವ ಕೆಲಸವೇ ಜಾಸ್ತಿ.

ಸುತ್ತಮುತ್ತ ಎಲ್ಲರೂ ಪೆಟ್ರೋಲಿನಲ್ಲೇ ತೊಳೆಯುತ್ತಾರೆ. ನನಗೆ ಅದು ಬೇಡ. ಮಳೆ ಹೊಡೆಯುವಾಗ ಬಾಗಿಲು ಹಾಕಿರುತ್ತೇವೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ಸ್ವಿಚ್ಚಿನ ಒಂದು ಕಿಡಿ ಸಾಕು ಅಲ್ವಾ? ಸೀಮೆಎಣ್ಣೆ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ, ಆದರೆ ಜಿಡ್ಡಿನ ಪದರ ಬಿಡುತ್ತದೆ. ಈಗ ಸಿಗುವುದೂ ಕಷ್ಟ. ಅಸಿಟೋನ್ ಬೇಗ ಆರುತ್ತದೆ, ಆದರೆ ಎಷ್ಟೋ ಪ್ಲಾಸ್ಟಿಕ್ ಕರಗಿಸುತ್ತದೆ. ಅದು ಆರುವಾಗ ಲೋಹ ತಣ್ಣಗಾಗಿ ನಮ್ಮ ಕರಾವಳಿಯ ತೇವ ಅದರ ಮೇಲೆ ಕೂರುತ್ತದೆ. ತುಕ್ಕಿಗೆ ಅಷ್ಟೇ ಬೇಕು! ಸಮುದ್ರದ ಉಪ್ಪಂತೂ ಇವು ಯಾವುದರಲ್ಲೂ ಕರಗುವುದಿಲ್ಲ, ಅದಕ್ಕೆ ಮೊದಲು ಸಿಹಿನೀರೇ ಆಗಬೇಕು.

ಪೇಂಟ್ ತೆಳು ಮಾಡುವ ಮಿನರಲ್ ಟರ್ಪೆಂಟೈನ್‌ನಲ್ಲಿ ತೊಳೆದು ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಸಾಕಾ? ಒಳಗಿನ ರಬ್ಬರ್ ಡಯಾಫ್ರಂ (ತೆಳು ಪೊರೆ) ಉಬ್ಬದ ಹಾಗೆ ಏನು ಬಳಸುತ್ತೀರಿ? ಆಲ್ಕೋಹಾಲ್ ಅಂದರೆ ಮೆಡಿಕಲ್ ಶಾಪಿನ 70% ಬಾಟಲಿ ಹೇಳಬೇಡಿ, ಉಳಿದ 30% ನೀರೇ. 99% ಇರುವುದು ಕಾರವಾರ, ಅಂಕೋಲಾ ಕಡೆ ಒಂದೆರಡು ಲೀಟರ್ ಸಿಗುತ್ತದಾ, ಅಥವಾ ಹುಬ್ಬಳ್ಳಿಗೇ ಹೋಗಬೇಕಾ?

ಇನ್ನೊಂದು. ಬಳಸಿದ ಟರ್ಪೆಂಟೈನ್ ಏನು ಮಾಡುತ್ತೀರಿ? ನಮ್ಮದು ಮರಳು ನೆಲ, ಬಾವಿ ಪಕ್ಕದಲ್ಲೇ ಇದೆ, ಹೊರಗೆ ಸುರಿಯುವ ಮಾತೇ ಇಲ್ಲ. ಮುಚ್ಚಿದ ಡಬ್ಬದಲ್ಲಿ ತಿಳಿಯಾಗಲು ಬಿಟ್ಟು ಮೇಲಿನದನ್ನು ಮತ್ತೆ ಬಳಸಬಹುದು. ಅಡಿಯ ಕೆಸರನ್ನು ಯಾರಾದರೂ ತೆಗೆದುಕೊಳ್ಳುತ್ತಾರಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.