ಸಿಗ್ನಲ್ ಮೈನಸ್ 51 ಇದೆ, ಆದರೂ ಸ್ಪೀಡ್ 7 ದಾಟುತ್ತಿಲ್ಲ

ಹೊಸಬ:
ಎಲ್ಲರಿಗೂ ನಮಸ್ಕಾರ. ಮನೆಯಿಂದ ವರ್ಕ್‌ಶಾಪ್‌ಗೆ ನೆಟ್ ಕೊಡೋಕೆ ಎರಡು 5 ಗಿಗಾಹರ್ಟ್ಸ್ ರೇಡಿಯೋ ಹಾಕಿದ್ದೇನೆ. ನಡುವೆ 2.1 ಕಿಲೋಮೀಟರ್. ಮಾಳಿಗೆ ಮೇಲೆ ನಿಂತರೆ ಆಚೆ ಕಂಬ ಬರಿಗಣ್ಣಿಗೆ ಕಾಣುತ್ತದೆ, ಅಡ್ಡ ಏನೂ ಇಲ್ಲ.

ಮೇಲೆ ಕಟ್ಟುವ ಮುಂಚೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದ್ದೆ. 200 ಎಂಬಿಪಿಎಸ್ ದಾಟಿತ್ತು. ಈಗ 6, 7 ಬಂದರೆ ಹೆಚ್ಚು. ಪಿಂಗ್ (ಆ ಕಡೆ ಹೋಗಿ ಬರೋಕೆ ಹಿಡಿಯುವ ಸಮಯ) ಒಮ್ಮೆ 4, ಇನ್ನೊಮ್ಮೆ 300 ಮಿಲಿಸೆಕೆಂಡ್. ದಿನಕ್ಕೆ ಮೂರು ನಾಲ್ಕು ಸಲ ಲಿಂಕ್ ಪೂರ್ತಿ ಹೋಗಿ, ಒಂದು ನಿಮಿಷ ಆದಮೇಲೆ ತಾನೇ ವಾಪಸ್ ಬರುತ್ತದೆ.

ಆಂಟೆನಾ ಗೇನ್ (ಅಲೆಯನ್ನು ಒಂದೇ ದಿಕ್ಕಿಗೆ ಕೂಡಿಸುವ ಬಲ) 19 ಡಿಬಿಐ, ಕಳಿಸುವ ಪವರ್ 24 ಡಿಬಿಎಂ, ಚಾನೆಲ್ 100, ವಿಡ್ತ್ (ಚಾನೆಲ್‌ನ ಅಗಲ) 80 ಮೆಗಾಹರ್ಟ್ಸ್. ಎರಡು ಸಲ ಕಂಬ ಹತ್ತಿ ಆಂಟೆನಾ ತಿರುಗಿಸಿ ನೋಡಿದೆ, ಸಿಗ್ನಲ್ ಮೈನಸ್ 51 ಡಿಬಿಎಂನಲ್ಲೇ ನಿಂತಿದೆ (ಸೊನ್ನೆಗೆ ಹತ್ತಿರ ಇದ್ದಷ್ಟೂ ಬಲ ಹೆಚ್ಚು). ಮೂರನೇ ಸಲ ಹತ್ತಬೇಕಾ?

ಅಲೆಮಾರಿ:
ಹತ್ತೋಕೆ ಮುಂಚೆ ಎರಡು ವಿಷಯ ಹೇಳಿ. ನಾಯ್ಸ್ (ಸುತ್ತಲಿನ ಬೇರೆ ಅಲೆಗಳ ಗದ್ದಲ) ಎಷ್ಟು ತೋರಿಸುತ್ತಿದೆ? ಸೆಟ್ಟಿಂಗ್ಸ್‌ನ ‘ದೂರ’ ಅನ್ನೋ ಬಾಕ್ಸ್‌ನಲ್ಲಿ ಏನಿದೆ? ಮತ್ತೆ, ಹೊರಗಡೆ ಲಿಂಕ್‌ಗೆ 80 ವಿಡ್ತ್ ಜಾಸ್ತಿ ಆಯ್ತು. 40ಕ್ಕೆ ಇಳಿಸಿ.

ಹೊಸಬ:
ನಾಯ್ಸ್ ಮೈನಸ್ 78. ದೂರ 0.3 ಕಿಲೋಮೀಟರ್ ಅಂತಿದೆ. ಮೇಜಿನ ಮೇಲೆ ನೋಡುವಾಗ ಆಟೋ ಟಿಕ್ ತೆಗೆದು ನಾನೇ ಹಾಕಿದ್ದು, ಆಮೇಲೆ ಮುಟ್ಟಿಲ್ಲ.

ಕಂಬದಮೇಲೆ:
ದಯವಿಟ್ಟು ಹತ್ತಬೇಡಿ. ನಿಮ್ಮ ಆಂಟೆನಾ ಸರಿಯಾಗೇ ನಿಂತಿದೆ. ಲೆಕ್ಕ ಹಾಕಿ ನೋಡಿ: 2.1 ಕಿಲೋಮೀಟರ್ ಗಾಳಿಯಲ್ಲಿ 5500 ಮೆಗಾಹರ್ಟ್ಸ್ ಅಲೆ ಸುಮಾರು 114 ಡಿಬಿ ಕಳೆದುಕೊಳ್ಳುತ್ತದೆ. ಪವರ್ 24, ಎರಡು ಆಂಟೆನಾ ಸೇರಿ 38, ಒಟ್ಟು 62. ಅದರಿಂದ 114 ಕಳೆದರೆ ಮೈನಸ್ 52. ನಿಮಗೆ ಬಂದಿರೋದು ಮೈನಸ್ 51. ಇದಕ್ಕಿಂತ ಚೆನ್ನಾಗಿ ಯಾರೂ ತಿರುಗಿಸಿ ಕೂರಿಸೋಕೆ ಆಗಲ್ಲ.

ತೊಂದರೆ ಇರೋದು ಆ 0.3ರಲ್ಲಿ. ರೇಡಿಯೋ ಒಂದು ಪ್ಯಾಕೆಟ್ ಕಳಿಸಿದ ಮೇಲೆ ಆ ಕಡೆಯಿಂದ ‘ಸಿಕ್ಕಿತು’ ಅನ್ನೋ ಉತ್ತರಕ್ಕೆ ಕಾಯುತ್ತದೆ. ಇದಕ್ಕೇ ಅಕ್ ಅನ್ನೋದು. ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನ ದೂರದ ಬಾಕ್ಸ್ ಹೇಳುತ್ತದೆ. ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಹೋಗುತ್ತದೆ. ನೀವು ಹಾಕಿದ ದೂರಕ್ಕೆ ಹೋಗಿ ಬರೋಕೆ 2 ಮೈಕ್ರೋಸೆಕೆಂಡ್ ಸಾಕು. ನಿಜವಾಗಿ ಬೇಕಿರೋದು 14. ಉತ್ತರ ಇನ್ನೂ ದಾರಿಯಲ್ಲಿದೆ, ಅಷ್ಟರಲ್ಲಿ ನಿಮ್ಮ ರೇಡಿಯೋ ಪ್ಯಾಕೆಟ್ ಕಳೆದೇ ಹೋಯಿತು ಅಂದುಕೊಂಡು ಅದನ್ನೇ ಮತ್ತೆ ಕಳಿಸುತ್ತದೆ. ಮತ್ತೆ, ಮತ್ತೆ. ಲಿಂಕ್ ಕೆಟ್ಟಿದೆ ಅಂತ ತಿಳಿದು ತನ್ನ ವೇಗವನ್ನೂ ಇಳಿಸಿಕೊಳ್ಳುತ್ತದೆ. ಮೇಜಿನ ಮೇಲೆ 200 ಯಾಕೆ ಬಂತು ಅಂತ ಈಗ ಗೊತ್ತಾಯ್ತಲ್ವಾ?

ಎರಡೂ ಕಡೆ 2.5 ಹಾಕಿ. ನಿಜವಾದ ದೂರಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ನಷ್ಟ ಕಡಿಮೆ. ಒಂದಿಷ್ಟು ಕಡಿಮೆಯಾದರೆ ಲಿಂಕೇ ಹಾಳು.

ಲಿಂಕ್ ಒಂದು ನಿಮಿಷ ಹೋಗಿ ಬರೋದು ಡಿಎಫ್‌ಎಸ್ (ರಾಡಾರ್‌ಗೆ ಚಾನೆಲ್ ಬಿಟ್ಟುಕೊಡುವ ನಿಯಮ) ಥರ ಕಾಣುತ್ತದೆ. ಚಾನೆಲ್ 100 ರಾಡಾರ್ ಜೊತೆ ಹಂಚಿಕೊಂಡಿರೋದು. ರಾಡಾರ್ ಕೇಳಿಸಿತು ಅನ್ನಿಸಿದರೆ ರೇಡಿಯೋ ಆ ಚಾನೆಲ್ ಬಿಡಲೇಬೇಕು, 30 ನಿಮಿಷ ಅಲ್ಲಿಗೆ ಮರಳುವ ಹಾಗಿಲ್ಲ. ಹೊಸ ಚಾನೆಲ್ ಕೂಡ ಅದೇ ಗುಂಪಿನದಾದರೆ ಮಾತಾಡುವ ಮುಂಚೆ 60 ಸೆಕೆಂಡ್ ಸುಮ್ನೆ ಕೂತು ಕೇಳಬೇಕು. ಲಾಗ್ (ರೇಡಿಯೋ ತಾನೇ ಬರೆದಿಡುವ ದಾಖಲೆ) ತೆಗೆದು ನೋಡಿ, ರಾಡಾರ್ ಅಂತ ಬರೆದಿರುತ್ತದೆ. ನಿಮ್ಮ ದೇಶದಲ್ಲಿ ಅನುಮತಿ ಇದ್ದರೆ 149ಕ್ಕೆ ಹೋಗಿ.

ಕಂಟ್ರಿ ಕೋಡ್, ಆಂಟೆನಾ ಗೇನ್ ಎರಡನ್ನೂ ಸರಿಯಾಗಿ ತುಂಬಿ. ಕಾನೂನು ಲೆಕ್ಕ ಹಿಡಿಯೋದು ಪವರ್ ಮತ್ತು ಗೇನ್ ಎರಡನ್ನೂ ಸೇರಿಸಿ. 24 ಮತ್ತು 19 ಸೇರಿ ನಿಮ್ಮದು 43 ಆಗಿದೆ, ಅದು ಜಾಸ್ತಿ. ಅಕ್ಕಪಕ್ಕದವರ ಲಿಂಕ್‌ಗೂ ಅದರಿಂದ ತೊಂದರೆ.

ಒಂದು ಮಾತು ಮರೆಯಬೇಡಿ. ಯಾವುದೇ ಬದಲಾವಣೆ ಮೊದಲು ಆ ಕಡೆ ರೇಡಿಯೋದಲ್ಲಿ ಮಾಡಿ, ಆಮೇಲೆ ನಿಮ್ಮ ಕಡೆ. ಈ ಕಡೆ ಮೊದಲು ಬದಲಾಯಿಸಿ ಲಿಂಕ್ ಬಿದ್ದರೆ ಅಲ್ಲಿಗೆ ಹೋಗದೆ ಬೇರೆ ದಾರಿ ಇಲ್ಲ. ‘ಟೆಸ್ಟ್’ ಬಟನ್ ಇದ್ದರೆ ಅದನ್ನೇ ಒತ್ತಿ, ನೀವು ಖಚಿತಪಡಿಸದಿದ್ದರೆ ಸ್ವಲ್ಪ ಹೊತ್ತಿಗೆ ಹಳೇ ಸೆಟ್ಟಿಂಗ್‌ಗೆ ತಾನೇ ಮರಳುತ್ತದೆ.

ಹೊಸಬ:
ನೀವು ಹೇಳಿದ ಹಾಗೆ ಆ ಕಡೆಯಿಂದ ಶುರು ಮಾಡಿದೆ. ಮೊದಲು ದೂರ ಒಂದನ್ನೇ ಬದಲಾಯಿಸಿದೆ, ಬೇರೇನೂ ಮುಟ್ಟಲಿಲ್ಲ. 7 ಇದ್ದದ್ದು ಅಲ್ಲೇ 140 ಆಯಿತು. ನಿಜಕ್ಕೂ ಕಣ್ಣು ತುಂಬಿ ಬಂತು. ಲಾಗ್‌ನಲ್ಲಿ ರಾಡಾರ್ ಅಂತ ನಾಲ್ಕು ಸಾಲು ಇತ್ತು. ಈಗ 149, ವಿಡ್ತ್ 40, ಪವರ್ 17. ಸಿಗ್ನಲ್ ಮೈನಸ್ 59ಕ್ಕೆ ಇಳಿಯಿತು, ಆದರೆ ನಾಯ್ಸ್ ಮೈನಸ್ 90. ಸ್ಪೀಡ್ 150ರ ಹತ್ತಿರ ಅಲುಗಾಡದೆ ನಿಂತಿದೆ, ಪಿಂಗ್ 2. ಎರಡು ದಿನದಿಂದ ಒಂದು ಸಲವೂ ಲಿಂಕ್ ಹೋಗಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಅಲೆಮಾರಿ:
ತುಂಬಾ ಖುಷಿ ಆಯ್ತು. ಈಗಲೇ ಎರಡೂ ಕಡೆ ಬ್ಯಾಕಪ್ ಫೈಲ್ ಇಳಿಸಿಟ್ಟುಕೊಳ್ಳಿ.